ಗೆರೆ ಎಳೆಯುವ ಮೊದಲು ಮರೋಳದ ಕಡೆ ನೋಡು

ತಂಗಿ, ಗ್ರಂಥಾಲಯ ವಿಜ್ಞಾನ ಓದಿ ವಿಶ್ವವಿದ್ಯಾಲಯದ ನೌಕರಿಗೆ ಸೇರಿದ ನಮ್ಮ ಮರೋಳದ ಮಗಳು ನೀನು. ಇಂದಲ್ಲ ನಾಳೆ ಹೊಸ ಗ್ರಂಥಾಲಯ ಕಟ್ಟಡದ ಸಮಿತಿಯಲ್ಲಿ ನಿನ್ನನ್ನು ಕೂರಿಸುತ್ತಾರೆ. ಕುಲಸಚಿವರು, ಹಣಕಾಸು ಅಧಿಕಾರಿ, ಇಂಜಿನಿಯರು, ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದ ವಾಸ್ತುಶಿಲ್ಪಿ, ಇವರ ನಡುವೆ ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವಳು ನೀನೇ ಇರುತ್ತೀ. ಚಹಾ ಬಂದ ಮೇಲೆ ಮೊದಲ ಪ್ರಶ್ನೆ ನಿನ್ನ ಕಡೆಗೇ ಬರುತ್ತದೆ: “ಮೇಡಂ, ಎಷ್ಟು ಪುಸ್ತಕ ಇಡಬೇಕು? ಎಷ್ಟು ಚದರಡಿ ಬೇಕು?” ಗಡಬಡಿಸಿ ಒಂದು ಅಂಕಿ ಹೇಳಿಬಿಡಬೇಡ. ಒಮ್ಮೆ ಹೇಳಿದ ಅಂಕಿಯನ್ನು ಅವರು ಬರೆದುಕೊಳ್ಳುತ್ತಾರೆ, ಅದರ ಮೇಲೆ ಗೋಡೆ ಏಳುತ್ತದೆ. ಆಮೇಲೆ ಮೂವತ್ತು ವರ್ಷ ಆ ಗೋಡೆಯ ನಡುವೆ ನೌಕರಿ ಮಾಡುವವಳು ನೀನು, ಅವರಲ್ಲ.

ಬದಲಿಗೆ ನಾಲ್ಕು ಪ್ರಶ್ನೆ ತಿರುಗಿ ಕೇಳು. ಇಲ್ಲಿಗೆ ಯಾರು ಬರುತ್ತಾರೆ? ಎಲ್ಲಿಂದ ಬರುತ್ತಾರೆ? ಯಾವ ಹೊತ್ತಿಗೆ ಬರುತ್ತಾರೆ? ಹೋಗುವಾಗ ಏನು ಒಯ್ಯುತ್ತಾರೆ? ಇವಕ್ಕೆ ಉತ್ತರ ಸಿಗುವವರೆಗೆ ನಕ್ಷೆಯ ಹಾಳೆ ಬಿಚ್ಚಬೇಡಿ ಎಂದು ಹೇಳುವ ಧೈರ್ಯ ನಿನಗಿರಲಿ. ಕಟ್ಟಡದ ಯೋಜನೆ ಇಂಜಿನಿಯರನ ಕೆಲಸ, ಸೇವೆಯ ಯೋಜನೆ ನಿನ್ನ ಕೆಲಸ. ನಿನ್ನದು ಮೊದಲು ಆಗಬೇಕು. ನಮ್ಮಲ್ಲಿ ಬಹಳ ಕಡೆ ಇದು ತಿರುಗಾ ಮುರುಗಾ ಆಗಿದೆ. ಕಟ್ಟಡ ಮುಗಿದು, ಬಣ್ಣ ಆರಿ, ಕೀಲಿಕೈ ಕೈಗೆ ಬಂದ ಮೇಲೆ ಗ್ರಂಥಪಾಲಕ ಒಳಗೆ ಹೋಗಿ, “ಇನ್ನು ಇಲ್ಲಿ ಏನೇನು ಎಲ್ಲೆಲ್ಲಿ ಇಡಲಿ” ಎಂದು ತಲೆ ಕೆರೆದುಕೊಳ್ಳುತ್ತಾನೆ.

ಜಮಖಂಡಿಯ ಬಾಗಲಕೋಟೆ ವಿಶ್ವವಿದ್ಯಾಲಯವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ನೀನು ಕೊಪ್ಪಳದಲ್ಲಿರು, ಹಾವೇರಿಯಲ್ಲಿರು, ಲೆಕ್ಕ ಹೆಚ್ಚುಕಡಿಮೆ ಒಂದೇ. ಹಿಂದಿನ ಸರಕಾರ 2022-23ರಲ್ಲಿ ಒಂದೇ ಸಲಕ್ಕೆ ಏಳು ಜಿಲ್ಲೆಗಳಿಗೆ ಹೊಸ ವಿಶ್ವವಿದ್ಯಾಲಯ ಕೊಟ್ಟಿತು: ಬೀದರ್, ಬಾಗಲಕೋಟೆ, ಕೊಪ್ಪಳ, ಹಾವೇರಿ, ಹಾಸನ, ಕೊಡಗು, ಚಾಮರಾಜನಗರ. ಜಮಖಂಡಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿತ್ತು. ಅದನ್ನೇ ತಳಹದಿ ಮಾಡಿಕೊಂಡು ಹೊಸದು ಶುರುವಾಯಿತು. ನಮ್ಮ ಇಳಕಲ್ಲು, ಹುನಗುಂದ, ಬಾದಾಮಿಯ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು, 2010ರಿಂದ ಬೆಳಗಾವಿಯ ರಾಣಿ ಚನ್ನಮ್ಮಕ್ಕೆ, ಈಗ ಜಮಖಂಡಿಗೆ. ಕಾಲೇಜಿನ ಕಟ್ಟಡ ಅಲ್ಲೇ ಇದೆ, ಸರ್ಟಿಫಿಕೇಟಿನ ಮೇಲಿನ ಹೆಸರು ಮಾತ್ರ ಎರಡು ಸಲ ಬದಲಾಯಿತು.

ಈಗ ನಮ್ಮ ಬಾಗಲಕೋಟೆ ಜಿಲ್ಲೆಯ ನಕ್ಷೆ ತೆಗೆದು ನೋಡು. ಜಮಖಂಡಿ ಇರುವುದು ವಾಯವ್ಯ ಮೂಲೆಯಲ್ಲಿ, ಮರೋಳ ಇರುವುದು ಪೂರ್ವದ ಅಂಚಿನ ಕಡೆ. ನಡುವೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಮರೋಳದ ಹುಡುಗಿಯೊಬ್ಬಳು ಇಳಕಲ್ಲಿನಲ್ಲಿ ಬಿ.ಎ. ಓದುತ್ತಾಳೆ ಅಂದುಕೋ. ಅವಳು ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ಹೌದು, ಪರೀಕ್ಷೆಯ ಫೀ ಅಲ್ಲಿಗೇ ಹೋಗುತ್ತದೆ, ಅಂಕಪಟ್ಟಿ ಅಲ್ಲಿಂದಲೇ ಬರುತ್ತದೆ. ಆದರೆ ಮೂರು ವರ್ಷದಲ್ಲಿ ಜಮಖಂಡಿಯ ಗ್ರಂಥಾಲಯದ ಮೆಟ್ಟಿಲನ್ನು ಅವಳು ಒಮ್ಮೆಯೂ ತುಳಿಯದೆ ಇರಬಹುದು. ಕ್ಯಾಂಪಸ್ಸಿನೊಳಗೆ ಓದುವವರು ಕೆಲವರು, ಸಂಯೋಜಿತ ಕಾಲೇಜುಗಳಲ್ಲಿ ಚದುರಿಕೊಂಡವರು ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಸಮಿತಿಯ ಸಭೆಯಲ್ಲಿ ಆ ಎರಡನೆಯ ಗುಂಪಿನ ಪರವಾಗಿ ಮಾತಾಡುವವರು ಯಾರೂ ಇರುವುದಿಲ್ಲ. ನೀನು ಮಾತಾಡು. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೊಂದೇ, ಉಳಿದದ್ದೆಲ್ಲ ಇದರ ಬಾಲ.

ಬರದವರಿಗೆ ಕಟ್ಟಡ ಯಾಕೆ ಎಂದು ಹಣಕಾಸು ಅಧಿಕಾರಿ ಕೇಳುತ್ತಾರೆ. ಅವರಿಗಾಗಿ ಬೇಕಾದದ್ದು ಒಂದು ಕೋಣೆ ಅಷ್ಟೇ, ಆದರೆ ಸರಿಯಾದ ಜಾಗದಲ್ಲಿ. ಕಟ್ಟಡದ ಹಿಂಬದಿ, ನೆಲಮಟ್ಟದಲ್ಲಿ, ಗಾಡಿ ಬಂದು ನಿಲ್ಲುವಂತೆ ಒಂದು ಕಟ್ಟೆ. ಅದಕ್ಕೆ ಹೊಂದಿಕೊಂಡ ಕೋಣೆಯಲ್ಲಿ ಉದ್ದನೆಯ ಮೇಜು, ತಕ್ಕಡಿ, ಚೀಲ ಇಡುವ ಖಾನೆಗಳು, ಒಂದು ಸ್ಕ್ಯಾನರು. ಪ್ರತಿ ತಾಲೂಕಿಗೂ ಒಂದೊಂದು ಖಾನೆ: ಬಾದಾಮಿ, ಹುನಗುಂದ, ಇಳಕಲ್ಲು, ಬೀಳಗಿ, ಮುಧೋಳ, ಹೀಗೆ. ಕಾಲೇಜಿನ ಗ್ರಂಥಪಾಲಕ ಬೇಕಾದ ಪುಸ್ತಕಗಳ ಪಟ್ಟಿ ಕಳಿಸುತ್ತಾನೆ, ನೀನು ಚೀಲ ಕಟ್ಟಿ ಬಸ್ಸಿಗೆ ಹಾಕುತ್ತೀ. ನಮ್ಮ ವಾಯವ್ಯ ಸಾರಿಗೆಯ ಬಸ್ಸು ಊರೂರಿಗೆ ಹೋಗುತ್ತದೆ, ಸಾಮಾನು ಸಾಗಿಸುವ ‘ನಮ್ಮ ಕಾರ್ಗೋ’ ಸೇವೆಯೂ ಬಂದಿದೆ. ವಾರಕ್ಕೊಂದು ಚೀಲ ಹೋಗಿ ಒಂದು ಚೀಲ ಬಂದರೆ ಮರೋಳದ ಹುಡುಗಿಗೂ ಜಮಖಂಡಿಯ ಪುಸ್ತಕ ಮುಟ್ಟಿತು. ಒಂದು ಅಧ್ಯಾಯ ಸಾಕು ಎನ್ನುವವರಿಗೆ ಹಕ್ಕುಸ್ವಾಮ್ಯದ ಮಿತಿಯೊಳಗೆ ಸ್ಕ್ಯಾನ್ ಮಾಡಿ ಕಳಿಸು. ಈ ಕೋಣೆಯನ್ನು ನಕ್ಷೆಯಲ್ಲಿ ಮೊದಲೇ ಬರೆಸದಿದ್ದರೆ ಮುಂದೆ ಏನಾಗುತ್ತದೆ ಗೊತ್ತೇ? ಪುಸ್ತಕ ಕಟ್ಟುವ ಕೆಲಸ ಮೊದಲ ಮಹಡಿಯ ಜಿನೆಯ ಕೆಳಗೆ, ಮುರಿದ ಕುರ್ಚಿಗಳ ನಡುವೆ ನಡೆಯುತ್ತದೆ. ಎರಡು ತಿಂಗಳಲ್ಲಿ ನಿಲ್ಲುತ್ತದೆ.

ಹಳ್ಳಿಯ ಅರಿವು ಕೇಂದ್ರಗಳನ್ನೂ ಮರೆಯಬೇಡ. ರಾಜ್ಯದಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಿವೆ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ ಬಹಳ ಕಡೆ ಬಣ್ಣ, ಕಂಪ್ಯೂಟರು, ಹೊಸ ಹೆಸರು ಎಲ್ಲ ಬಂದವು. ಕಾಲೇಜು ಮುಚ್ಚಿದ ರಜೆಯ ದಿನಗಳಲ್ಲಿ ನಿನ್ನ ವಿದ್ಯಾರ್ಥಿ ಓದುವುದು ಅಲ್ಲೇ. ಅಲ್ಲಿನ ಮೇಲ್ವಿಚಾರಕರನ್ನು ವರ್ಷಕ್ಕೊಮ್ಮೆ ಕರೆಸಿ ಎರಡು ದಿನದ ತರಬೇತಿ ಕೊಡುವಂಥ ಸಣ್ಣ ಸಭಾಕೋಣೆ ಹೊಸ ಕಟ್ಟಡದಲ್ಲಿರಲಿ. ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೂ ಪಂಚಾಯ್ತಿ ಗ್ರಂಥಾಲಯಕ್ಕೂ ಸಂಬಂಧವೇ ಇಲ್ಲ ಎನ್ನುವುದು ಎರಡು ಇಲಾಖೆಗಳ ಕಡತದ ಮಾತು. ಎರಡೂ ಕಡೆ ಓದುವ ಮಕ್ಕಳು ಅವರೇ.

ಇನ್ನು ಬಂದು ಕೂರುವವರ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಹೊಸ ಕಟ್ಟಡಗಳು ಎಡವುವುದೇ ಇಲ್ಲಿ. ನಿಮ್ಮ ಗ್ರಂಥಾಲಯಕ್ಕೆ ದಿನಾ ಬರುವವರು ಯಾರು? ಪಿಎಚ್‌.ಡಿ. ಮಾಡುವವರೇ? ಅಲ್ಲ. ಪೊಲೀಸ್ ಕಾನ್‌ಸ್ಟೆಬಲ್, ಪಿಎಸ್ಐ, ಎಫ್‌ಡಿಎ, ಕೆಎಎಸ್, ಶಿಕ್ಷಕರ ಅರ್ಹತಾ ಪರೀಕ್ಷೆ, ಇವಕ್ಕೆ ಓದುವವರು. ಅವರಿಗೆ ನಿನ್ನ ಕಪಾಟಿನ ಪುಸ್ತಕ ಬೇಕಿಲ್ಲ. ಅವರ ಚೀಲದಲ್ಲೇ ಪುಸ್ತಕ ಇರುತ್ತದೆ, ಮೂಲೆ ಮಡಚಿ, ಗೆರೆ ಹಾಕಿ, ನಾಲ್ಕು ಬಣ್ಣದಲ್ಲಿ ಗುರುತು ಮಾಡಿದ್ದು. ಅವರಿಗೆ ಬೇಕಾದದ್ದು ಕುರ್ಚಿ, ಬೆಳಕು, ಫ್ಯಾನು, ಕುಡಿಯುವ ನೀರು, ಮೊಬೈಲಿಗೆ ಒಂದು ಪ್ಲಗ್ಗು. ಧಾರವಾಡದ ಸಪ್ತಾಪುರದ ಕಡೆ ಹೋಗಿ ನೋಡು. ಒಂದು ಕುರ್ಚಿಗೆ ತಿಂಗಳ ಬಾಡಿಗೆ ಕೊಟ್ಟು ಬೆಳಗಿನಿಂದ ರಾತ್ರಿಯವರೆಗೆ ಕೂರುವ ಸಾವಿರಾರು ಮಕ್ಕಳು ಅಲ್ಲಿದ್ದಾರೆ, ಅದರಲ್ಲಿ ನಮ್ಮ ಜಿಲ್ಲೆಯವರು ಕಡಿಮೆ ಇಲ್ಲ. ಆ ಬಾಡಿಗೆ ಅವರ ಅಪ್ಪ ಕಡಲೆ ಮಾರಿ ತಂದ ದುಡ್ಡು.

ಹಳೆಯ ಗ್ರಂಥಾಲಯಗಳಲ್ಲಿ ಒಂದು ನಿಯಮ ಉಂಟು: ಸ್ವಂತ ಪುಸ್ತಕ ಒಳಗೆ ತರಕೂಡದು. ನಿಯಮಕ್ಕೆ ಕಾರಣವೂ ಉಂಟು, ಹೊರಗೆ ಹೋಗುವಾಗ ಯಾರ ಪುಸ್ತಕ ಯಾವುದು ಎಂದು ತಪಾಸಿಸುವುದು ಕಷ್ಟ. ಆದರೆ ಆ ನಿಯಮದಿಂದ ದಿನಾ ಬರುವವನೇ ಬಾಗಿಲಲ್ಲಿ ನಿಲ್ಲುತ್ತಾನೆ. ಇದಕ್ಕೆ ಜಗಳ ಬೇಡ, ನಕ್ಷೆಯಲ್ಲಿ ಪರಿಹಾರ ಇದೆ. ತಪಾಸಣೆಯ ಬಾಗಿಲಿಗಿಂತ ಹೊರಗೇ ಒಂದು ದೊಡ್ಡ ಓದುವ ಪಡಸಾಲೆ ಬರಲಿ. ಅದಕ್ಕೆ ಬೇರೆ ಬಾಗಿಲು, ಬೇರೆ ಶೌಚಾಲಯ, ಬೇರೆ ವಿದ್ಯುತ್ ಸ್ವಿಚ್ಚು, ನೀರಿನ ಬೇರೆ ನಲ್ಲಿ. ಸಂಜೆ ಆರಕ್ಕೆ ಪುಸ್ತಕದ ವಿಭಾಗಕ್ಕೆ ಬೀಗ ಬಿದ್ದ ಮೇಲೂ ಆ ಪಡಸಾಲೆ ರಾತ್ರಿ ಹತ್ತರವರೆಗೆ, ಪರೀಕ್ಷೆಯ ಹಂಗಾಮಿನಲ್ಲಿ ರಾತ್ರಿಯಿಡೀ ತೆರೆದಿರಬೇಕು, ಒಬ್ಬ ಕಾವಲುಗಾರನ ಮೇಲೆ. ಶೌಚಾಲಯ ಒಳಗಿನ ಭಾಗದಲ್ಲಿದ್ದರೆ ಈ ಇಡೀ ಏರ್ಪಾಡು ಕೆಡುತ್ತದೆ. ಎಲ್ಲೋ ಒಂದು ಕಡೆ ಅಂಥ ಸೊಗಸಾದ ಓದುವ ಪಡಸಾಲೆ ಕಟ್ಟಿ, ಶೌಚಾಲಯ ಬೀಗದ ಆಚೆ ಉಳಿದು, ಕೊನೆಗೆ ಆರು ಗಂಟೆಗೇ ಎಲ್ಲರನ್ನೂ ಎಬ್ಬಿಸಿ ಕಳಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಒಂದು ಗೋಡೆ ನಾಲ್ಕು ಮೀಟರು ಆಚೆ ಸರಿದಿದ್ದರೆ ಸಾಕಿತ್ತು.

ಹೆಣ್ಣುಮಕ್ಕಳ ಲೆಕ್ಕವನ್ನು ಬೇರೆಯಾಗಿ ಹಾಕು. ಸುತ್ತಲ ಹಳ್ಳಿಯಿಂದ ಬರುವವರಿಗೆ ಗ್ರಂಥಾಲಯದ ವೇಳೆ ನಿರ್ಧರಿಸುವವರು ಕುಲಪತಿಗಳಲ್ಲ, ಬಸ್ಸಿನ ಕಂಡಕ್ಟರು. ಊರಿಗೆ ಕೊನೆಯ ಬಸ್ಸು ಎಷ್ಟೊತ್ತಿಗೆ, ಬೆಳಿಗ್ಗೆ ಮೊದಲ ಬಸ್ಸು ಬಂದು ನಿಲ್ಲುವುದು ಎಷ್ಟೊತ್ತಿಗೆ, ಡಿಪೋಗೆ ಹೋಗಿ ಬರೆದುಕೊಂಡು ಬಾ. ಬೆಳಿಗ್ಗೆ ಎಂಟಕ್ಕೇ ಬಂದಿಳಿದ ಹುಡುಗಿ ಹತ್ತೂವರೆಗೆ ತೆರೆಯುವ ಬಾಗಿಲ ಮುಂದೆ ಎಲ್ಲಿ ಕೂರಬೇಕು? ಅವಳು ತಂದ ಬುತ್ತಿ, ಎರಡು ರೊಟ್ಟಿ, ಶೇಂಗಾ ಚಟ್ನಿ, ಮಧ್ಯಾಹ್ನ ಎಲ್ಲಿ ಬಿಚ್ಚಬೇಕು? ವಾಸ್ತುಶಿಲ್ಪಿಯ ಚಿತ್ರದಲ್ಲಿ ಕೆಫೆಟೇರಿಯಾ ಇರುತ್ತದೆ, ಕಾಫಿ ಕಪ್ಪು ಹಿಡಿದ ಮಕ್ಕಳ ಚಿತ್ರವೂ ಇರುತ್ತದೆ. ಅದು ಇರಲಿ. ಅದರ ಜೊತೆಗೆ ಕೈ ತೊಳೆಯುವ ನಲ್ಲಿಯಿರುವ, ದುಡ್ಡು ಕೊಟ್ಟು ಏನನ್ನೂ ಕೊಳ್ಳದೆ ಕೂರಬಹುದಾದ, ನೆರಳಿನ ಉದ್ದನೆಯ ಕಟ್ಟೆಯೊಂದನ್ನು ಬರೆಸು. ನಮ್ಮ ಊರ ಮನೆಗಳ ಮುಂದೆ ಕಟ್ಟೆ ಕಟ್ಟಿದವರಿಗೆ ಯಾರೂ ಕಲಿಸಿಕೊಡಲಿಲ್ಲ, ಬಿಸಿಲಿಗೆ ನಿಂತವರು ಕಂಡರೆ ಸಾಕಿತ್ತು.

ರಂಗನಾಥನ್ ಅವರನ್ನು ನೀನು ಪರೀಕ್ಷೆಗಾಗಿ ಓದಿದ್ದೀ. ಈಗ ಕೆಲಸಕ್ಕಾಗಿ ಇನ್ನೊಮ್ಮೆ ಓದು. ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1931ರಲ್ಲಿ ಐದು ಸೂತ್ರಗಳ ಪುಸ್ತಕ ಬಂತು, ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ನಾವೆಲ್ಲ ಐದು ಸೂತ್ರ ಬಾಯಿಪಾಠ ಹೇಳುತ್ತೇವೆ. ಪುಸ್ತಕ ಇರುವುದು ಬಳಕೆಗೆ ಎನ್ನುವ ಮೊದಲ ಸೂತ್ರವನ್ನು ವಿವರಿಸುತ್ತ ಅವರು ಮಾತಾಡುವುದು ಏನನ್ನು ಗೊತ್ತೇ? ಗ್ರಂಥಾಲಯ ಊರಿನ ಯಾವ ಜಾಗದಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಕುರ್ಚಿ ಕಪಾಟು ಹೇಗಿರಬೇಕು, ಸಿಬ್ಬಂದಿ ಹೇಗಿರಬೇಕು ಎಂಬುದನ್ನು. ತೊಂಬತ್ತು ವರ್ಷ ದಾಟಿದರೂ ನಮ್ಮ ಸಮಿತಿಗಳಲ್ಲಿ ತೆರೆಯುವ ವೇಳೆಯ ಮಾತು ಕಟ್ಟಡ ಮುಗಿದ ಮೇಲೇ ಬರುತ್ತದೆ.

ಸಿಬ್ಬಂದಿಯ ಲೆಕ್ಕ ಬಹಳ ಕಟು, ಮುಜುಗರವಿಲ್ಲದೆ ಸಮಿತಿಯ ಮುಂದಿಡು. ಹೊಸ ವಿಶ್ವವಿದ್ಯಾಲಯಕ್ಕೆ ಖಾಯಂ ಹುದ್ದೆ ಸಿಗುವುದು ಎಷ್ಟು ಕಷ್ಟ ಎಂದು ನಿನಗೇ ಗೊತ್ತು, ಉಳಿದವರೆಲ್ಲ ಹೊರಗುತ್ತಿಗೆ. ಮೂರು ಮಹಡಿಯ ಕಟ್ಟಡಕ್ಕೆ ಮಹಡಿಗೊಂದು ಕೌಂಟರ್ ಬರೆದರೆ ಮೂರು ಜನ. ಎರಡು ಪಾಳಿಯಲ್ಲಿ ತೆರೆದರೆ ಆರು ಜನ. ರಜೆ, ಹುಷಾರಿಲ್ಲದ ದಿನ, ಚುನಾವಣಾ ಕೆಲಸ ಸೇರಿಸಿದರೆ ಇನ್ನೊಬ್ಬರು. ಆ ಏಳು ಜನ ಎಲ್ಲಿದ್ದಾರೆ? ಇಲ್ಲ ಎಂದರೆ ಕೊನೆಗೆ ಮೇಲಿನ ಮಹಡಿಗೆ ಬೀಗ ಬೀಳುತ್ತದೆ, ಅಲ್ಲಿನ ಪುಸ್ತಕ ಬೇಕಾದವರು ಮಧ್ಯಾಹ್ನ ಮೂರರಿಂದ ನಾಲ್ಕರೊಳಗೆ ಬರಬೇಕು ಎಂಬ ಚೀಟಿ ಅಂಟುತ್ತದೆ. ಆದ್ದರಿಂದ ಮೇಲಕ್ಕೆ ಏರುವ ಕಟ್ಟಡಕ್ಕಿಂತ ಅಗಲವಾಗಿ ಹರಡುವ ಕಟ್ಟಡ ಕೇಳು. ನಮ್ಮ ಕಡೆ ಜಾಗಕ್ಕೆ ಬರವಿಲ್ಲ. ಒಂದೇ ಮುಖ್ಯ ಬಾಗಿಲು, ಒಂದೇ ದೊಡ್ಡ ಕೌಂಟರು, ಅಲ್ಲಿ ಕೂತವರ ಕಣ್ಣಿಗೆ ಓದುವ ಜಾಗದ ಬಹುಪಾಲು ಬೀಳಬೇಕು. ಪುಸ್ತಕ ಕೊಡುವ ಟೇಬಲ್ಲು, ಸಂದೇಹ ಕೇಳುವ ಟೇಬಲ್ಲು, ಕಂಪ್ಯೂಟರ್ ಸಹಾಯದ ಟೇಬಲ್ಲು ಎಂದು ಮೂರು ಕಡೆ ಬೋರ್ಡು ಹಾಕುವ ಚಟ ಬಿಡು. ಹೊಸದಾಗಿ ಬಂದ ಹುಡುಗನಿಗೆ ತನ್ನ ತೊಂದರೆ ಯಾವ ಟೇಬಲ್ಲಿಗೆ ಸೇರಿದ್ದು ಎಂದು ತಿಳಿಯುವುದಿಲ್ಲ, ಅವನು ಕೇಳದೆಯೇ ಹೊರಟುಹೋಗುತ್ತಾನೆ. ಒಂದೇ ಕಡೆ ಎಲ್ಲಕ್ಕೂ ಉತ್ತರ ಸಿಗಲಿ. ಕೌಂಟರಿನ ಎತ್ತರ ಒಂದು ಭಾಗದಲ್ಲಾದರೂ ಕಡಿಮೆಯಿರಲಿ, ಗಾಲಿಕುರ್ಚಿಯಲ್ಲಿ ಬಂದವರು ಮುಖ ಕಂಡು ಮಾತಾಡುವಂತೆ.

ಭಾರದ ಮಾತನ್ನು ಇಂಜಿನಿಯರಿಗೆ ಬಿಟ್ಟುಬಿಟ್ಟರೆ ಆಗದೇ ಎನ್ನುತ್ತೀಯಾ? ಬಿಡಬಹುದು, ಆದರೆ ಕಪಾಟು ಎಲ್ಲಿ ಬರುತ್ತದೆ ಎಂದು ಹೇಳಬೇಕಾದವಳು ನೀನು. ಪುಸ್ತಕದ ಭಾರ ಲೆಕ್ಕ ಹಾಕದೆ ಕಟ್ಟಿದ ಗ್ರಂಥಾಲಯ ವರ್ಷಕ್ಕೊಂದು ಅಂಗುಲ ನೆಲಕ್ಕಿಳಿಯುತ್ತಿದೆ ಎಂಬ ಕಥೆಯನ್ನು ಅಮೆರಿಕದ ಹತ್ತಾರು ಕಾಲೇಜುಗಳಲ್ಲಿ ತಮ್ಮ ತಮ್ಮ ಕಟ್ಟಡಕ್ಕೆ ಅಂಟಿಸಿಕೊಂಡು ಹೇಳುತ್ತಾರಂತೆ. ಅದು ಕಟ್ಟುಕಥೆ. ಆದರೆ ಭಾರತೀಯ ಮಾನಕ ಐಎಸ್ 875ರ ಎರಡನೆಯ ಭಾಗ ಕಟ್ಟುಕಥೆಯಲ್ಲ. ಮನೆಯ ಕೋಣೆಗೆ ಚದರ ಮೀಟರಿಗೆ 2 ಕಿಲೋನ್ಯೂಟನ್, ತರಗತಿಗೆ 3, ಪುಸ್ತಕದ ಕಪಾಟು ತುಂಬಿದ ಕೋಣೆಗೆ 6 ಎಂದು ಅದು ಹೇಳುತ್ತದೆ. ಆರು ಎಂದರೆ ಸುಮಾರು 600 ಕಿಲೋ. ಅದೂ ಕಪಾಟು 2.2 ಮೀಟರ್ ಎತ್ತರವಿದ್ದರೆ. ಅದರ ಮೇಲೆ ಪ್ರತಿ ಮೀಟರಿಗೆ ಇನ್ನೆರಡು ಸೇರುತ್ತದೆ. ತರಗತಿಯೆಂದು ಲೆಕ್ಕ ಹಾಕಿದ ಮಹಡಿಯ ಮೇಲೆ ಮುಂದೆ ಯಾರೋ ಕಪಾಟು ಸಾಲು ನಿಲ್ಲಿಸಿದರೆ ಎರಡು ಪಟ್ಟು ಭಾರ ಹೇರಿದಂತೆ. ಹಾಗಾಗಿ ಸಾಧ್ಯವಾದರೆ ಇಡೀ ಕಟ್ಟಡಕ್ಕೇ ಕಪಾಟಿನ ಭಾರ ಹಿಡಿಸು. ಹತ್ತು ವರ್ಷದ ಮೇಲೆ ಒಳಗಿನ ಜಾಗವನ್ನು ಅದಲು ಬದಲು ಮಾಡುವ ಸ್ವಾತಂತ್ರ್ಯ ಉಳಿಯುತ್ತದೆ. ಓದುವ ಜಾಗಕ್ಕೆ ತಲೆಗೆ 25 ಚದರಡಿ ಎಂಬ ಹಳೆಯ ಲೆಕ್ಕ ಈಗಲೂ ಸಾಕು. ಎರೆ ನೆಲದ ಬುನಾದಿ, ಒರಲೆ ಔಷಧಿ, ಇವು ಅವರ ಪಾಡಿಗೆ ಅವರಿಗೆ ಗೊತ್ತಿರುವ ವಿಷಯ, ನೀನು ನೆನಪಿಸಿದರೆ ಸಾಕು.

ಬಿಸಿಲಿನ ಬಗ್ಗೆ ಮಾತ್ರ ಹಟ ಹಿಡಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಪರೀಕ್ಷೆ ಬರುವುದೂ ಅದೇ ಹೊತ್ತಿಗೆ. ಚಿತ್ರದಲ್ಲಿ ಗಾಜಿನ ಗೋಡೆ ಚೆನ್ನಾಗಿ ಕಾಣುತ್ತದೆ. ಪ್ಯಾರಿಸ್ಸಿನಲ್ಲಿ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಹೊಸ ಕಟ್ಟಡ 1996ರಲ್ಲಿ ತೆರೆಯಿತು. ತೆರೆದಿಟ್ಟ ಪುಸ್ತಕದ ಆಕಾರದ ನಾಲ್ಕು ಗಾಜಿನ ಗೋಪುರ. ಪುಸ್ತಕ ಇಟ್ಟದ್ದು ಬಿಸಿಲು ಬೀಳುವ ಆ ಗೋಪುರದಲ್ಲಿ, ಓದುವವರನ್ನು ಕೂರಿಸಿದ್ದು ಕೆಳಗೆ. ಗಾಜಿನ ಹಿಂದೆ ಮರದ ಹಲಗೆ ಹಾಕಿ ಬಿಸಿಲು ತಡೆಯಬೇಕಾಯಿತು. ಅವರ ಬಳಿ ಹಲಗೆ ಹಾಕಲು ದುಡ್ಡಿತ್ತು. ನಮ್ಮಲ್ಲಿ ಪಡುವಣ ಗೋಡೆ ಗಾಜಿನದಾದರೆ ಮಧ್ಯಾಹ್ನ ಮೂರರ ಮೇಲೆ ಆ ಕಡೆ ಯಾರೂ ಕೂರುವುದಿಲ್ಲ, ವರ್ಷ ಕಳೆಯುವುದರೊಳಗೆ ಗಾಜಿಗೆ ಹಳೆ ಪೇಪರ್ ಅಂಟುತ್ತದೆ. ಪಡುವಣಕ್ಕೆ ಜಿನೆ, ಶೌಚಾಲಯ, ಸಾಮಾನಿನ ಕೋಣೆ ಬರಲಿ. ಓದುವವರು ಬಡಗಣ ಕಿಟಕಿಯ ಬೆಳಕಿಗೆ ಕೂರಲಿ. ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ ಬೇಕೇ ಬೇಕು, ಕಬ್ಬು ಅರೆಯುವ ಹಂಗಾಮಿನಲ್ಲಿ ಜಮಖಂಡಿ, ಮುಧೋಳದ ಕಡೆಯ ಗಾಳಿಯಲ್ಲಿ ಬೂದಿ ಇರುತ್ತದೆ. ನೆಲಕ್ಕೆ ಹೊಳೆಯುವ ಟೈಲ್ಸು ಬೇಡ. ಇಳಕಲ್ಲಿನ ಕಲ್ಲು ಮನೆಯ ಹಿತ್ತಲಲ್ಲೇ ಇದೆ, ಕಾಲು ಜಾರದಂತೆ ಹದವಾಗಿ ತಿಕ್ಕಿಸಿದರೆ ಮುಗಿಯಿತು.

ಪುಸ್ತಕದ ಲೆಕ್ಕಕ್ಕೆ ಈಗ ಬರೋಣ. ಹಳೆಯ ವಿಶ್ವವಿದ್ಯಾಲಯಗಳಲ್ಲಿ ನಿಯತಕಾಲಿಕೆಗಳ ಹಳೆ ಸಂಪುಟ ಬೈಂಡು ಮಾಡಿ ಇಟ್ಟ ಮಹಡಿಗಳೇ ಇವೆ. ಧಾರವಾಡದಲ್ಲಿ ಬಸವನಾಳರ ಹೆಸರಿನ ಗ್ರಂಥಾಲಯದಲ್ಲಿ ಆ ಸಾಲುಗಳ ನಡುವೆ ನಡೆದಾಡಿದ ಸುಖವೇ ಬೇರೆ. ಅದನ್ನು ನೋಡಿ ನಮಗೂ ಹಾಗೆಯೇ ಬೇಕು ಎನ್ನಬೇಡ. 2025ರ ಜನವರಿ 1ರಿಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಬಂದಿದೆ. ಮೂವತ್ತು ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಸರಕಾರಿ ವಿದ್ಯಾಸಂಸ್ಥೆಗಳಿಗೆ, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಕೇಂದ್ರದ ಖರ್ಚಿನಲ್ಲಿ. ಧಾರವಾಡ, ಮೈಸೂರು ದಶಕಗಟ್ಟಲೆ ಚಂದಾ ಕಟ್ಟಿ ಕೂಡಿಸಿದಂಥದ್ದು ಹೊಸ ವಿಶ್ವವಿದ್ಯಾಲಯದ ಪರದೆಯ ಮೇಲೆ ಮೊದಲ ವರ್ಷವೇ ತೆರೆದುಕೊಳ್ಳುತ್ತದೆ. ಪಿಎಚ್‌.ಡಿ. ಪ್ರಬಂಧಗಳಿಗೆ ‘ಶೋಧಗಂಗಾ’ ಇದೆ. ಹೀಗಾಗಿ ಕಾಗದದ ಸಂಪುಟಕ್ಕೆ ಬೇಕಿದ್ದ ಜಾಗ ನಿನಗೆ ಉಳಿಯಿತು, ಅದನ್ನು ಕುರ್ಚಿಗೆ ಕೊಡು. ಆದರೆ ಮರೋಳದ ಹುಡುಗಿಯನ್ನು ಇಲ್ಲಿಯೂ ನೆನೆ. ಯೋಜನೆಯ ಮೊದಲ ಹಂತ ಸರಕಾರಿ ಸಂಸ್ಥೆಗಳಿಗೆ. ಅನುದಾನಿತ ಖಾಸಗಿ ಕಾಲೇಜಿನಲ್ಲಿ ಓದುವ ಅವಳು ಹೊರಗೇ ಉಳಿಯುತ್ತಾಳೆ. ಅವಳು ಜಮಖಂಡಿಗೆ ಬಂದ ಒಂದು ದಿನವಾದರೂ ಕೂತು ಓದಲು ಅತಿಥಿ ವಿದ್ಯಾರ್ಥಿಗಳ ಕಂಪ್ಯೂಟರುಗಳ ಒಂದು ಸಾಲು ಬೇಕು. ಅದಕ್ಕೆ ಪರವಾನಗಿಯ ಷರತ್ತು ಎಷ್ಟು ಅವಕಾಶ ಕೊಡುತ್ತದೆ ಎಂದು ಮೊದಲೇ ಓದಿ ತಿಳಿದುಕೋ. ಅವಳ ಕಾಲೇಜಿಗೆ ಇ-ಪುಸ್ತಕ, ಇ-ಪತ್ರಿಕೆ ಒದಗಿಸುವ ಎನ್‌-ಲಿಸ್ಟ್ ಇರಬಹುದು, ಅದರ ಪಾಸ್‌ವರ್ಡು ಯಾರ ಮೇಜಿನ ಡ್ರಾವರಿನಲ್ಲಿ ಮಲಗಿದೆಯೋ ವಿಚಾರಿಸು.

ಮತ್ತು ನಗಬೇಡ, ನಿನ್ನ ಗ್ರಂಥಾಲಯದಲ್ಲಿ ಅತಿ ಹೆಚ್ಚು ಬೇಡಿಕೆಯ ವಸ್ತು ಹಳೇ ಪ್ರಶ್ನೆಪತ್ರಿಕೆ. ಮೂರು ವಿಶ್ವವಿದ್ಯಾಲಯಗಳ ಕಾಲದ್ದು ಮೂರು ಕಡೆ ಹಂಚಿಹೋಗಿದೆ. ಅದನ್ನೆಲ್ಲ ಕೂಡಿಸಿ, ಸ್ಕ್ಯಾನ್ ಮಾಡಿ, ಯಾವ ಕಾಲೇಜಿನ ಮೊಬೈಲಿನಲ್ಲೂ ತೆರೆಯುವಂತೆ ಹಾಕಿಬಿಡು. ಆ ಒಂದು ಕೆಲಸದಿಂದ ನಿನ್ನ ಗ್ರಂಥಾಲಯದ ಹೆಸರು ಜಿಲ್ಲೆಯ ಎಲ್ಲ ಮನೆಗೂ ಗೊತ್ತಾಗುತ್ತದೆ.

ಎಲ್ಲೆಡೆ ಸಿಗುವುದು ಪರದೆಯ ಮೇಲೆ ಬಂತು ಎಂದ ಮೇಲೆ ಕಪಾಟಿನಲ್ಲಿ ಇರಬೇಕಾದದ್ದು ಬೇರೆಲ್ಲೂ ಸಿಗದ್ದು. ನಮ್ಮ ಜಿಲ್ಲೆಯಲ್ಲಿ ಅಂಥದ್ದು ಬೇಕಾದಷ್ಟಿದೆ. ಆಲಮಟ್ಟಿಯ ಹಿನ್ನೀರಿಗೆ ಬಾಗಲಕೋಟೆಯ ಹಳೆಯ ಪೇಟೆಯೇ ಹೋಯಿತು, ನವನಗರ ಎದ್ದಿತು, ಹಳ್ಳಿ ಹಳ್ಳಿಗಳು ಜಾಗ ಬಿಟ್ಟವು. ಈಗಿನ 519.60 ಮೀಟರಿನಿಂದ 524.256ಕ್ಕೆ ಅಣೆಕಟ್ಟಿನ ಎತ್ತರ ಏರಿಸುವ ಮಾತು ವರ್ಷಗಳಿಂದ ನಡೆದಿದೆ, ಅಂದರೆ ಮುಳುಗಡೆಯ ಕಥೆ ಮುಗಿದಿಲ್ಲ. ನೋಟೀಸು, ಪರಿಹಾರದ ಆದೇಶ, ಮುಳುಗಿದ ಊರಿನ ನಕ್ಷೆ, ಗುಡಿಯ ಫೋಟೋ, ಅಜ್ಜಿಯರ ಮಾತು, ಇವನ್ನು ಕೂಡಿಸಿಡುವ ವಿಭಾಗವೊಂದು ಇಲ್ಲಿರದೆ ಇನ್ನೆಲ್ಲಿರಬೇಕು? ಹಲಗಲಿ ಬೇಡರ ಲಾವಣಿಯನ್ನು ಫ್ಲೀಟ್ ಸಾಹೇಬ ಬರೆದಿಟ್ಟ, ಸರಿ, ಅದನ್ನು ಹಾಡುವವರ ದನಿ ಎಲ್ಲಿದೆ? ಶ್ರೀಕೃಷ್ಣ ಪಾರಿಜಾತದ ಹಳೆಯ ಕಲಾವಿದರ ಆಟ ಎಲ್ಲಿ ದಾಖಲಾಗಿದೆ? ಜಮಖಂಡಿ, ಮುಧೋಳ ಸಂಸ್ಥಾನಗಳ ಕಾಲದ ಕಾಗದ ಯಾವ ವಾಡೆಯ ಅಟ್ಟದಲ್ಲಿದೆ? ಈ ವಿಭಾಗಕ್ಕೆ ಗದ್ದಲ ಕೇಳದ ಧ್ವನಿಮುದ್ರಣ ಕೋಣೆ ಒಂದು, ತೇವ ಮುಟ್ಟದ ಕೋಣೆ ಒಂದು ಸಾಕು. ಎರಡನ್ನೂ ನೆಲಮಹಡಿಯ ಒಳಗಿನ ಭಾಗದಲ್ಲಿ ಬರೆಸು, ತಾರಸಿಯ ಕೆಳಗೆ ಬೇಡ, ತಾರಸಿ ಸೋರುತ್ತದೆ.

ದಾನದ ಪುಸ್ತಕಗಳ ಬಗ್ಗೆ ಒಂದು ಮಾತು. ಕಟ್ಟಡ ಏಳುವ ಸುದ್ದಿ ಹಬ್ಬಿದ ಕೂಡಲೆ ನಿವೃತ್ತರು ಗೋಣಿಚೀಲ ಕಳಿಸಲು ಶುರು ಮಾಡುತ್ತಾರೆ, ನನ್ನಂಥವರು. ಗೌರವದಿಂದ ತಗೋ, ಆದರೆ ಬೇಡದ್ದನ್ನು ಬೇರೆಯವರಿಗೆ ಕೊಡುವ ಹಕ್ಕು ನಮ್ಮದು ಎಂಬ ಒಂದು ಸಾಲಿನ ಒಪ್ಪಿಗೆ ಬರೆಸಿಕೊಂಡು ತಗೋ.

ಕಣ್ಣು ಕಾಣದ ಮಕ್ಕಳಿಗಾಗಿ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯ 2016ರಿಂದ ಇದೆ. ಅದನ್ನು ಕೇಳಲು ಹೆಡ್‌ಫೋನು, ಪರದೆ ಓದಿ ಹೇಳುವ ತಂತ್ರಾಂಶ ಇರುವ ಎರಡು ಮೇಜು ಬಾಗಿಲ ಹತ್ತಿರವೇ ಇರಲಿ. ರ‍್ಯಾಂಪು ಹನ್ನೆರಡಕ್ಕೆ ಒಂದರ ಇಳಿಜಾರಿಗಿಂತ ಕಡಿದಾಗಬಾರದು. ಇದು ಕಾನೂನಿನ ಮಾತು, ಚರ್ಚೆಗೆ ಅವಕಾಶವೇ ಕೊಡಬೇಡ.

ನಮ್ಮೂರಿನ ಹೆಸರು ದೇಶಕ್ಕೆ ಗೊತ್ತಾದದ್ದು ರಾಮಥಾಳ-ಮರೋಳ ಏತ ನೀರಾವರಿಯಿಂದ. 24,000 ಹೆಕ್ಟೇರಿಗೆ ಹನಿ ನೀರಾವರಿ, ಏಷ್ಯಾದಲ್ಲೇ ದೊಡ್ಡದು ಎಂದು ಪತ್ರಿಕೆಗಳು ಬರೆದವು. ಹನಿ ನೀರಾವರಿ ಮಾಡಿದ ಯಾವ ರೈತನನ್ನಾದರೂ ಕೇಳು: ಪೈಪು ಹಾಕುವುದು ಒಂದು ವಾರದ ಕೆಲಸ, ಫಿಲ್ಟರು ತೊಳೆಯುವುದು ದಿನದ ಕೆಲಸ. ಸವಳು ಕಟ್ಟಿ ಸಣ್ಣ ತೂತು ಮುಚ್ಚಿದರೆ ಬೆಳೆಗೆ ನೀರಿಲ್ಲ, ಪೈಪು ಎಷ್ಟೇ ಉದ್ದ ಇರಲಿ. ಗ್ರಂಥಾಲಯವೂ ಹಾಗೆಯೇ. ಕಟ್ಟುವ ದುಡ್ಡು ಒಮ್ಮೆ ಬರುತ್ತದೆ. ಯುಪಿಎಸ್ ಬ್ಯಾಟರಿ ಬದಲಿಸುವ ದುಡ್ಡು, ನೀರಿನ ಫಿಲ್ಟರಿನ ದುಡ್ಡು, ರಾತ್ರಿ ಕಾವಲುಗಾರನ ಪಗಾರ, ಬಸ್ಸಿಗೆ ಹಾಕುವ ಚೀಲದ ಬಾಡಿಗೆ, ಇವು ವರ್ಷ ವರ್ಷ ಬೇಕು. ಕಟ್ಟಡದ ಪ್ರಸ್ತಾವದ ಜೊತೆಗೇ ಮೊದಲ ಐದು ವರ್ಷ ನಡೆಸುವ ಖರ್ಚಿನ ಹಾಳೆಯನ್ನು ಲಗತ್ತಿಸು. ಅದನ್ನು ನೋಡಿ ಯಾರಾದರೂ ಒಂದು ಮಹಡಿ ಕಡಿಮೆ ಮಾಡೋಣ ಎಂದರೆ ಬೇಸರ ಮಾಡಿಕೊಳ್ಳಬೇಡ. ನಡೆಸಲಾಗದ ಮಹಡಿಗಿಂತ ಇಲ್ಲದ ಮಹಡಿ ಮೇಲು.

ಇನ್ನೊಂದು ಭಯ ನಿನ್ನ ಮನಸ್ಸಿನಲ್ಲಿದೆ, ನನಗೆ ಗೊತ್ತು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಈ ಹೊಸ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವನ್ನು ಮುಚ್ಚಿ ಹಳೆಯವಕ್ಕೆ ಸೇರಿಸಬೇಕೆಂದಿತು, ಬಾಗಲಕೋಟೆಯ ಹೆಸರೂ ಆ ಪಟ್ಟಿಯಲ್ಲಿತ್ತು. ವಿಶ್ವವಿದ್ಯಾಲಯವೇ ಉಳಿಯುತ್ತದೋ ಇಲ್ಲವೋ, ಗ್ರಂಥಾಲಯಕ್ಕೆ ಯಾಕೆ ಇಷ್ಟು ತಲೆಕೆಡಿಸಿಕೊಳ್ಳಲಿ ಎಂದು ಕೆಲವರು ನಿನ್ನೆದುರೇ ಹೇಳಬಹುದು. ಉಲ್ಟಾ ಯೋಚಿಸು. ಫಲಕದ ಮೇಲಿನ ಹೆಸರು ಸರಕಾರದ ಕೈಯಲ್ಲಿದೆ. ಇಳಕಲ್ಲಿನ ಕಾಲೇಜು ಮೂರು ಹೆಸರು ಕಂಡೂ ನಡೆದಿದೆ. ಸುತ್ತಲ ತಾಲೂಕುಗಳ ಮಕ್ಕಳಿಗೆ ಒದಗುವ, ಯಾವ ಇಲಾಖೆ ಬಂದರೂ ನಾಲ್ಕು ಜನರಿಂದ ನಡೆಸಬಹುದಾದ ಗ್ರಂಥಾಲಯವನ್ನು ಯಾವ ಹೆಸರಿನಡಿಯಲ್ಲೂ ಮುಚ್ಚುವುದು ಕಷ್ಟ. ಅಧ್ಯಾಪಕರಿಗೆ ಮತ್ತು ಮೌಲ್ಯಮಾಪನಕ್ಕೆ ಬರುವ ನ್ಯಾಕ್ ತಂಡಕ್ಕೆ ಮಾತ್ರ ತೋರಿಸಲು ಕಟ್ಟಿದ್ದನ್ನು ಮುಚ್ಚಿದರೆ ಕೇಳುವವರು ಯಾರು?

ಈಗ ನೀನು ಮಾಡಬೇಕಾದದ್ದು. ಮುಂದಿನ ಸಭೆಗೆ ಮುಂಚೆ ರಜೆ ಹಾಕಿ ಊರಿಗೆ ಬಾ. ಇಳಕಲ್ಲಿನಿಂದ ಮಕ್ಕಳ ಜೊತೆ ಬಸ್ಸಿನಲ್ಲಿ ಕೂತು ಮರೋಳದವರೆಗೆ ಮಾತಾಡುತ್ತ ಬಾ. ಹುನಗುಂದ, ಬಾದಾಮಿಯ ಕಾಲೇಜುಗಳ ಗ್ರಂಥಪಾಲಕರ ಎದುರು ಕೂತು ಅವರ ಬೇಡಿಕೆ ಬರೆದುಕೋ. ಎಲ್ಲವನ್ನೂ ಎರಡೇ ಪುಟಕ್ಕೆ ಇಳಿಸು: ಯಾವ ಸೇವೆ, ಯಾರಿಗೆ, ಎಷ್ಟು ಹೊತ್ತು, ಎಷ್ಟು ಜನ ಸಿಬ್ಬಂದಿ, ಅದಕ್ಕೆ ಯಾವ ಕೋಣೆ. ಪ್ರತಿ ಕೋಣೆಯ ಮುಂದೆ ಅದರ ಪಕ್ಕ ಏನಿರಬೇಕು, ಏನಿರಬಾರದು ಎಂದೂ ಬರೆ. ಕುಲಪತಿಗಳ ಸಹಿ ಹಾಕಿಸು, ಇಂಜಿನಿಯರ ಸಹಿಯನ್ನೂ ಹಾಕಿಸು, ಅದು ಎಸ್ಟಿಮೇಟಿನ ಜೊತೆ ಲಗತ್ತಾಗುವವರೆಗೆ ಬೆನ್ನು ಬಿಡಬೇಡ. ಬಾಯಿಮಾತಿನಲ್ಲಿ ಒಪ್ಪಿದ್ದನ್ನು ಯಾವ ಗುತ್ತಿಗೆದಾರನೂ ಕಟ್ಟುವುದಿಲ್ಲ. ಎಸ್ಟಿಮೇಟಿನಲ್ಲಿ ಬರೆಯದ ಶೌಚಾಲಯಕ್ಕೆ ಬಿಲ್ಲು ಪಾಸಾಗುವುದಿಲ್ಲ.